ಬಣ್ಣ ಬಳಿಯದ ಹಸಿರು

ಟೀಚರರ ಎಡಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಕೈ ತಿರುಗಿಸಿದರೆ ನೀಲಿ. ಉಗುರಿಗೆ ಅಂಟಿಸಿಕೊಂಡಿದ್ದ ಒಂದು ಪೊರೆಯ ಚೂರು ಅದು. ಹತ್ತಿಯ ನಾರನ್ನು ಆಮ್ಲದಲ್ಲಿ ಕಾಯಿಸಿ, ಕಣ್ಣಿಗೆ ಕಾಣದ ಕಡ್ಡಿಗಳಾಗಿ ಒಡೆದು, ನೀರಿನಲ್ಲಿ ತೇಲಿಬಿಟ್ಟು ಒಣಗಿಸಿದ್ದು. ಆ ಕಡ್ಡಿಗಳು ತಾವಾಗಿಯೇ ಸುರುಳಿ ಮೆಟ್ಟಿಲಿನಂತೆ ಜೋಡಣೆಗೊಳ್ಳುತ್ತವೆ. ಮೆಟ್ಟಿಲಿಗೆ ತಾಗಿದ ಬೆಳಕಿನಲ್ಲಿ ಒಂದು ಬಣ್ಣ ಮಾತ್ರ ಹಿಂದಿರುಗುತ್ತದೆ. ನುಣ್ಣಗೆ ಅರೆದರೆ ಏನೂ ಇಲ್ಲ, ಬಿಳಿ ಹುಡಿ.

"ಮದರಂಗಿ ಸಾಕಾಯ್ತಾ ಟೀಚರೇ?" ಎಂದು ಲ್ಯಾಬಿನ ಅಟೆಂಡರ್ ಅಣ್ಣ ಕೆಣಕುತ್ತಿದ್ದರು.

ಎಡಗೈ ಎಂದು ಬರೆದೆ. ಬಲಗೈಯೂ ಇದ್ದೀತು. ನೆನಪು ಚಂದ ಮಾಡಿ ಕೈಗಿಡುವ ವಿವರಗಳನ್ನು ನಾನು ಹೆಚ್ಚು ನಂಬುವುದಿಲ್ಲ.

ಟೀಚರ್ ಕಡಲತಡಿಯ ಬ್ಯಾರಿ ಮುಸ್ಲಿಂ ಮನೆಯವರು. ಕಾಸರಗೋಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಎಂ.ಎಸ್ಸಿ. ಪ್ರಾಜೆಕ್ಟಿಗೆ ಅವರ ಬಳಿ ಸೇರಿದ್ದೆ. ಹತ್ತಿ ಕೊಟ್ಟ ಬಣ್ಣವನ್ನು ಅಡಿಕೆ ಸಿಪ್ಪೆಯೂ ಕೊಡಬೇಕು ಎಂಬುದು ಅವರ ಹಠ. ಬಾಯಾರಿನ ತೋಟಗಳಿಂದ ಸಿಪ್ಪೆಯ ಗೋಣಿ ಬಸ್ಸಿನಲ್ಲಿ ಬರುತ್ತಿತ್ತು. ಪರಿಶೀಲನೆಗೆ ಬರುವವರಿಗೆ ಆ ಬಣ್ಣ ತೋರಿಸದಿದ್ದರೆ ನಮ್ಮ ಕೋಣೆ ಕಂಪ್ಯೂಟರ್ ವಿಭಾಗಕ್ಕೆ ಹೋಗುತ್ತದೆ ಎಂದು ಪ್ರಾಂಶುಪಾಲರು ಹೇಳಿಯಾಗಿತ್ತು.

ಪೊರೆ ನಿಧಾನವಾಗಿ ಒಣಗಬೇಕು. ನಾನು ಗಳಿಗೆಗೊಮ್ಮೆ ಗಾಜಿನ ತಟ್ಟೆಯ ಮುಚ್ಚಳ ಸರಿಸಿ ಇಣುಕುವುದನ್ನು ಕಂಡರೆ ಟೀಚರ್ ಗದರುತ್ತಿದ್ದರು: "ತೊಂದರೆ ಕೊಡ್ಬೇಡ ಮಾರಾಯ. ಅವು ಜಾಗ ಹುಡುಕ್ತಾ ಉಂಟು."

ಪರಿಶೀಲನೆಯ ಬೆಳಿಗ್ಗೆ ಬಾಗಿಲು ತೆರೆದರೆ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಮುಚ್ಚಳಗಳು ಓರೆಯಾಗಿದ್ದವು. ತಟ್ಟೆಗಳಲ್ಲಿ ಪೊರೆಗಳು ಹಪ್ಪಳದಂತೆ ಬೆಳ್ಳಗೆ ಒಣಗಿದ್ದವು.

"ಯಾರು ಫ್ಯಾನ್ ಹಾಕಿದ್ದು?"

"ನಾನೇ ಟೀಚರೇ," ಅಣ್ಣ ಹೆಮ್ಮೆಯಿಂದಲೇ ಹೇಳಿದರು. "ಈ ಮಳೆಗೆ ಹಸಿ ಇಟ್ರೆ ಬೂಷ್ಟು ಬರುದಿಲ್ವಾ? ದೊಡ್ಡವರು ಬರುವಾಗ ಇನ್ನೂ ನೀರೇ ಉಂಟಲ್ಲ ಅಂತ ನಿನ್ನೆ ಹೋಗುವಾಗ ಹಾಕಿದೆ."

ಆಟಿ ತಿಂಗಳ ಮಳೆಯಲ್ಲಿ ಒಗೆದ ಬಟ್ಟೆಯನ್ನು ಒಲೆಯ ಮೇಲೆ ನೇತುಹಾಕುವ ಊರು. ಹಸಿಯಾದದ್ದನ್ನು ಹಾಗೆಯೇ ಬಿಡುವುದು ಇಲ್ಲಿ ಸೋಮಾರಿತನ. ಅವಸರದಲ್ಲಿ ಒಣಗಿದರೆ ಕಡ್ಡಿಗಳಿಗೆ ಸಾಲು ಹಿಡಿಯಲು ಸಮಯವಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಮುಖ ನೋಡಿಯೇ ಅವರಿಗೆ ತಿಳಿಯಿತು.

"ನಿಮ್ಮ ಉಗುರಿನದ್ದು ತೋರಿಸಿ ಟೀಚರೇ," ಎಂದರು, ಸ್ವರ ಇಳಿಸಿ. "ಯಾರಿಗೆ ಗೊತ್ತಾಗ್ತದೆ?"

"ಇದು ಹತ್ತಿಯದ್ದಲ್ವಾ ಅಣ್ಣ."

ಟೀಚರ್ ಚೂರನ್ನು ಕೆರೆದು ತೆಗೆದು ಕಸದ ಬುಟ್ಟಿಗೆ ಹಾಕಿದರು. ಹೊರಗೆ ಕಾರು ನಿಂತ ಸದ್ದಾಯಿತು.

ಬಂದವರು ಇಬ್ಬರು. ಒಬ್ಬರು ಬಂದಾಗಿನಿಂದ ಫೋನು ನೋಡುತ್ತಿದ್ದರು. ಇನ್ನೊಬ್ಬರು ತಟ್ಟೆ ಎತ್ತಿ, "ಬಣ್ಣ ಎಲ್ಲಿ ಮೇಡಂ?" ಎಂದರು.

"ಬೇಗ ಒಣಗಿತು ಸರ್. ಮುಚ್ಚಿಡುವ ಜವಾಬ್ದಾರಿ ನನ್ನದು." ಬಾಗಿಲ ಬಳಿ ನಿಂತಿದ್ದ ಅಣ್ಣನತ್ತ ಟೀಚರ್ ತಿರುಗಲೂ ಇಲ್ಲ. ಒಂದೊಂದೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾ ಹೋದರು. ಬಿಳಿ. ಬಿಳಿ. ಕೊನೆಯದರ ಅಂಚಿನಲ್ಲಿ, ಮುಚ್ಚಳ ಜಾರದೆ ಉಳಿದಿದ್ದ ಕಡೆ, ಒಂದು ಹಸಿರು ಎಳೆ. ಹಸಿರೆಂದು ನಾನು, ನೀಲಿ ಎಂದು ಈಗಲೂ ಅಣ್ಣ. ಇಬ್ಬರೂ ಬೇರೆ ಬೇರೆ ಕಡೆ ನಿಂತಿದ್ದೆವು.

"ಇದರ ಮೇಲೆ ಉಸಿರು ಬಿಡಿ ಸರ್."

ಅವರು ಅನುಮಾನಿಸುತ್ತಲೇ ಬಗ್ಗಿ ಬಾಯುಸಿರು ಬಿಟ್ಟರು. ಎಳೆ ಕೆಂಪಾಯಿತು. ಆಮೇಲೆ ಇಲ್ಲವಾಯಿತು.

"ಹೋಯ್ತಲ್ಲ!"

"ನಿಲ್ಲಿ ಸರ್."

ಎಷ್ಟು ಹೊತ್ತೋ. ಫೋನಿನವರೂ ತಲೆಯೆತ್ತಿದ್ದರು. ಮೊದಲು ಕೆಂಪು ಮಸುಕಾಗಿ ಮೂಡಿತು, ಆಮೇಲೆ ಹಸಿರು.

"ತೇವ ಒಳಗೆ ಹೋದ್ರೆ ಮೆಟ್ಟಿಲು ದೂರ ಆಗ್ತದೆ, ಆರಿದ್ರೆ ಹತ್ತಿರ ಬರ್ತದೆ. ಬಳಿದ ಬಣ್ಣ ಹೀಗೆ ಹೋಗಿ ಬರುದಿಲ್ಲ ಸರ್," ಎಂದರು ಟೀಚರ್. ತಟ್ಟೆ ಕೆಳಗಿಡುವಾಗ ಗಾಜು ಮೇಜಿಗೆ ಠಣ್ಣೆಂದು ತಾಗಿತು. ಇದನ್ನು ಮಾತ್ರ ನಾನು ನಂಬುತ್ತೇನೆ, ಆ ಸದ್ದು ಕಿವಿಯಲ್ಲಿದೆ.

ಕೋಣೆ ಇನ್ನೊಂದು ವರ್ಷ ನಮಗೇ ಇರಲಿ ಎಂದಾಯಿತು. ಜ್ವರವೆಂದು ಆಸ್ಪತ್ರೆಗೆ ಸೇರಿದ ಟೀಚರ್ ಮುಂದಿನ ಮಳೆಗೆ ಮೊದಲೇ ತೀರಿಕೊಂಡರು.

ಈಗ ಅದೇ ಲ್ಯಾಬಿನಲ್ಲಿ ನನಗೆ ಕೆಲಸ. ಸಿಪ್ಪೆಯ ಪೊರೆ ತಟ್ಟೆ ತುಂಬ ಬಣ್ಣ ಹಿಡಿಯುತ್ತದೆ, ಕೆಲವು ಸಲ. ಟೀಚರ್ ನೋಡಿದ್ದರೆ ಹೀಗೆನ್ನುತ್ತಿದ್ದರು ಎಂದು ಬರೆಯಲು ಕೈ ಹೋಗುತ್ತದೆ. ಏನೆನ್ನುತ್ತಿದ್ದರೋ ನನಗೆ ತಿಳಿಯದು. ತಟ್ಟೆ ಇಟ್ಟ ದಿನ ಅಣ್ಣ ಫ್ಯಾನಿನ ಸ್ವಿಚ್ಚಿನ ಕೆಳಗೇ ಸ್ಟೂಲು ಹಾಕಿ ಕೂರುತ್ತಾರೆ. ಸೆಕೆ ತಾಳದೆ ಯಾರಾದರೂ ಅತ್ತ ಕೈ ಚಾಚಿದರೆ ತಡೆಯುತ್ತಾರೆ:

"ತೊಂದರೆ ಕೊಡ್ಬೇಡ ಮಾರಾಯ. ಅವು ಜಾಗ ಹುಡುಕ್ತಾ ಉಂಟು."