ಅತ್ತಿಗೆಯ ಗಡ್ಡೆ, ಪೊರೆ ಮಾಮನ ಕೈ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಪೊರೆ ಮಾಮ ಎಂದು. ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕಿಲ್ಲದಂತೆ ಗಾಜಿನ ಪಟ್ಟಿಗೆ ಎತ್ತಿಕೊಳ್ಳುವುದು ಅವನ ಕಸುಬು. ಇಪ್ಪತ್ತೇಳು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಸಾಧು ಮನುಷ್ಯ, ಆದರೆ ಯಾರಾದರೂ ಫ್ಯಾನ್ ಹಾಕಿದರೆ ಮಾತ್ರ ರೇಗಿಬೀಳುತ್ತಿದ್ದ. ಪೊರೆ ಹಾರಿಹೋದರೆ ಹಿಡಿಯುವವರಾರು?

ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಆಗಷ್ಟೇ ಮದುವೆಯಾಗಿ ಬಂದಿದ್ದ ಅತ್ತಿಗೆಯೇ ಅವನ ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಮುಂದೆ ಕೆಲಸದ ಸಂದರ್ಶನಕ್ಕೆ ಅಂಗಿ ಇಸ್ತ್ರಿ ಮಾಡಿ ಕಳಿಸಿದ್ದು. ಅರವತ್ತೊಂದನೆಯ ವಯಸ್ಸಿನಲ್ಲಿ ಆ ಅತ್ತಿಗೆಗೆ ಸ್ತನದ ಕ್ಯಾನ್ಸರ್ ಬಂತು.

ಶಸ್ತ್ರಚಿಕಿತ್ಸೆಯಾಯಿತು. ಪರೀಕ್ಷೆ ಮುಗಿದು ಉಳಿದ ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಪೊರೆ ಮಾಮನ ಪ್ರಯೋಗಾಲಯದ ಡಾಕ್ಟರಮ್ಮ ಕೇಳಿದರು.

"ಕೊಡದೆ ಮನೆಗೆ ಕಟ್ಕೊಂಡು ಹೋಗ್ಲಾ? ಆದ್ರೆ ನನ್ನ ಮೈದುನನೇ ಕೊಯ್ಬೇಕು" ಎಂದು ಅತ್ತಿಗೆ ಸಹಿ ಹಾಕಿದಳು.

ಆ ಚೂರು ಮೇಜಿಗೆ ಬಂದ ದಿನ ಪೊರೆ ಮಾಮ ಕೊಯ್ಯಲು ಕೂತ. ಮೊದಲ ಪೊರೆ ಹರಿಯಿತು, ಎರಡನೆಯದೂ ಹರಿಯಿತು.

"ಮಾಮ, ಬೇರೆಯವರಿಗೆ ಕೊಡ್ಲಾ?" ಎಂದರು ಡಾಕ್ಟರಮ್ಮ.

"ಬೇಡಿ ಡಾಕ್ಟ್ರೇ, ಒಂದು ನಿಮಿಷ."

ಮುಖ ತೊಳೆದು ಬಂದ. ಹೊಸ ಅಲಗು ಹಾಕಿ, ಉಸಿರು ಬಿಗಿಹಿಡಿದು ಎಂಟು ಪೊರೆ ತೆಗೆದ. ಒಂದರಲ್ಲೂ ಸುಕ್ಕಿರಲಿಲ್ಲ.

ಪೊರೆಗಳಿಗೆ ಬಣ್ಣ ಹಾಕಿಸಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆದರು. ಅತ್ತಿಗೆ ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕದಲ್ಲಿ ಇಣುಕಿದಳು.

"ಕಂದು ಉಂಗುರಗಳು ರಕ್ತನಾಳ. ಸುತ್ತಲಿನ ಕೆಂಪು ಚುಕ್ಕೆಗಳು ರಕ್ಷಣಾ ಕಣಗಳು" ಎಂದರು ಡಾಕ್ಟರಮ್ಮ.

"ನನ್ನ ಕಾಯೋರು ತಾನೆ? ಅಲ್ಲೇನು ಮಾಡ್ತಿದಾರೆ?"

"ಗಾಯ ಆದಾಗ ಹೊಸ ರಕ್ತನಾಳ ಬೆಳೆಯೋಕೆ ಇವೇ ಸಂದೇಶ ಕಳಿಸೋದು. ಗಡ್ಡೆಯನ್ನೂ ಗಾಯ ಅಂದ್ಕೊಂಡು ಇಲ್ಲೂ ಅದನ್ನೇ ಮಾಡಿವೆ. ಆ ನಾಳಗಳಿಂದ ಗಡ್ಡೆ ಹೊಟ್ಟೆ ತುಂಬಿಸ್ಕೊಳ್ಳುತ್ತೆ. ಎಲ್ಲಾ ಕಣಗಳೂ ಹೀಗಲ್ಲ, ಕೆಲವು ತಡೆಯೋವೂ ಇವೆ. ಯಾವುದು ಯಾವಾಗ ಏನು ಮಾಡುತ್ತೆ ಅಂತ ತಿಳ್ಕೊಳ್ಳೋದೇ ನಮ್ಮ ಕೆಲಸ."

"ಪಾಪ, ಉಪಕಾರ ಮಾಡೋಕೆ ಹೋಗಿ ಯಾಮಾರಿದಾವೆ!" ಅತ್ತಿಗೆ ನಕ್ಕಳು.

"ಇದ್ರಿಂದ ನಿಮ್ಮ ಚಿಕಿತ್ಸೆ ಏನೂ ಬದಲಾಗಲ್ಲಮ್ಮ. ಮುಂದಿನವರಿಗೆ ಉಪಯೋಗ ಆಗಬಹುದು, ಅಷ್ಟೇ."

"ಆಗ್ಲಿ ಬಿಡಿ. ನಂಗೀಗ ಕೊಡ್ತಿರೋ ಔಷಧಿಗೂ ಯಾರೋ ಹೆಣ್ಮಕ್ಳು ಹೀಗೇ ಕೊಟ್ಟಿರ್ತಾರಲ್ವಾ? ಅವ್ರು ತಣ್ಣಗಿರ್ಲಿ."

ಔಷಧಿ ಏರಿಸುವ ದಿನಗಳಲ್ಲೆಲ್ಲ ಪೊರೆ ಮಾಮ ರಜೆ ಹಾಕಿ ಅವಳ ಪಕ್ಕ ಕೂತ. ಅವಳ ಕೂದಲು ಉದುರಿತು, ಮತ್ತೆ ಗುಂಗುರಾಗಿ ಬಂತು. ನಾಲ್ಕು ವರ್ಷವಾದರೂ ರೋಗ ಮರಳಲಿಲ್ಲ. ಅಷ್ಟರಲ್ಲಿ ಸಂಶೋಧನೆಯ ಲೇಖನ ಅಚ್ಚಾಯಿತು. ಅವನು ಅದನ್ನು ಮನೆಗೆ ತಂದು ಕೊನೆಯ ಸಾಲನ್ನು ಓದಿ ಹೇಳಿದ: ಗಡ್ಡೆಯ ಚೂರು ಕೊಟ್ಟ ಇನ್ನೂರ ಹನ್ನೆರಡು ಮಹಿಳೆಯರಿಗೆ ನಾವು ಋಣಿ.

ಅತ್ತಿಗೆ ಇನ್ನೊಮ್ಮೆ ಓದಿಸಿದಳು. ಅವನು ಹಾಳೆ ಮಡಿಸಿ ಕೆಳಗಿಟ್ಟ.

"ನಾನು ನಿಮಗೆ ಒಂದು ದಿನಾನೂ ಹೀಗೆ ಹೇಳಿಲ್ಲ ಅತ್ತಿಗೆ."

"ಹೇಳ್ದೇನೇ ಗೊತ್ತಾಗಲ್ವೇನೋ ನಂಗೆ? ಏಳು, ಅನ್ನ ಆರಿಹೋಗುತ್ತೆ" ಎಂದು ಅವನ ಒದ್ದೆ ಕೆನ್ನೆ ಒರೆಸಿದಳು.