ಲೈನ್ ಇಲ್ಲದ ಗಿಟಾರು

ವಿಡಿಯೋದಲ್ಲಿ ನಾನು ಬಗ್ಗಿ ಕೂತು ಗಿಟಾರಿನ ಹರಿದ ತಂತಿ ಬದಲಿಸುತ್ತಿದ್ದೇನೆ. ಗಿಟಾರು ಮಾತ್ರ ಭರ್ಜರಿಯಾಗಿ ನುಡಿಯುತ್ತಲೇ ಇದೆ.

ಮೊದಲ ಸಲ ನೋಡಿದಾಗ ಖುಷಿಯೇ ಆಯಿತು. (ಏನು ಕೈಯಪ್ಪ ನನ್ನದು, ಅಂದುಕೊಂಡೆ.) ಎರಡನೇ ಸಲ ನೋಡುವಾಗ ವಿಡಿಯೋ ಅಲ್ಲೇ ನಿಲ್ಲಿಸಿದೆ. ನಾನು ನುಡಿಸದಿದ್ದರೆ ನುಡಿಸುತ್ತಿರುವವರು ಯಾರು?

ವಿಡಿಯೋ ಹುಕ್ಕೇರಿಯಲ್ಲಿ ನಡೆದ ಪರಿಚಯದವರ ಮಗಳ ರಿಸೆಪ್ಷನ್ನಿನದು. ನುಡಿಸಿದ್ದು ನಮ್ಮದೇ ಬ್ಯಾಂಡು. ಹೌದು, ಹಳೇ ಕಾಲದ ರಾಕ್ ಬ್ಯಾಂಡು. ಹುಬ್ಬೇರಿಸಬೇಡಿ, ಗೋಕಾಕದವರು ಕರದಂಟು ಬಿಟ್ಟು ಬೇರೇನೂ ಮಾಡಬಾರದಾ? ಹಾಡು ಮತ್ತು ಬೇಸ್ ಗಿಟಾರು ಹುಕ್ಕೇರಿಯ ಬಟ್ಟೆ ವ್ಯಾಪಾರಿ ನಜೀರನದು. ಡ್ರಮ್ಸ್‌ಗೆ ಮೂಡಲಗಿಯ ಬಸು, ಪಂಪ್‌ಸೆಟ್ ಅಂಗಡಿಯವನು. ಕೀಬೋರ್ಡ್‌ಗೆ ಧುಪದಾಳದ ಟೀಚರು ಗೀತಾ. ಲೀಡ್ ಗಿಟಾರು ನಾನು. ಎಲ್ಲರಿಗಿಂತ ಹಿರಿಯ, ಸಾಲದ್ದಕ್ಕೆ ಕಾಲೇಜಿನಲ್ಲಿ ಪಾಠ ಹೇಳುವವನು. ಹೀಗಾಗಿ ಎಲ್ಲರ ಬಾಯಲ್ಲೂ ನಾನು ‘ಸರ’.

ನನ್ನ ಆಂಪ್ಲಿಫೈಯರು ವಾಲ್ವಿನದು. ಎತ್ತಲು ಇಬ್ಬರು ಬೇಕು. ಸ್ವಿಚ್ ಹಾಕಿದ ಕೂಡಲೇ ಬಾಯಿ ಬಿಡುವುದಿಲ್ಲ, ಒಳಗಿನ ಗಾಜಿನ ವಾಲ್ವುಗಳು ಕೆಂಪಗಾಗುವ ತನಕ ಕಾಯಬೇಕು. ವಾಲ್ಯೂಮ್ ಪೂರ್ತಿ ಏರಿಸಿದಾಗಲೇ ಅದರ ದನಿ ಒಡೆದು ಗೊಗ್ಗರಾಗುವುದು. ಹಳೇ ರಾಕಿನ ರುಚಿಯೆಲ್ಲ ಆ ಗೊಗ್ಗರಿನಲ್ಲೇ ಇದೆ. ಅರ್ಧಕ್ಕೆ ಇಳಿಸಿದಿರೋ, ಉಪ್ಪಿಲ್ಲದ ಪುಂಡಿಪಲ್ಯ.

ಆದರೆ ಬಯಲಿನ ಪೆಂಡಾಲಿಗೆ ಬರೀ ಆಂಪ್ ಸಾಲದು. ಅದರ ಮುಂದೆ ಮೈಕ್ ಇಟ್ಟು, ಅದರ ಲೈನ್ ಮಿಕ್ಸರಿಗೆ ಕೊಟ್ಟು, ಅಲ್ಲಿಂದ ದೊಡ್ಡ ಸ್ಪೀಕರುಗಳಿಗೆ ಕಳಿಸಬೇಕು. ಅವತ್ತು ನನ್ನ ಆಂಪನ್ನು ವೇದಿಕೆಯ ಮೂಲೆಯಲ್ಲಿ, ನನ್ನ ಕಡೆಗೇ ಮುಖ ಮಾಡಿ ಇಟ್ಟಿದ್ದರು. ನನಗೆ ಚೆನ್ನಾಗಿ ಕೇಳಲೆಂಬ ಗೌರವ ಎಂದುಕೊಂಡಿದ್ದೆ.

ಮೂರನೇ ಸಲ ವಿಡಿಯೋ ಹಾಕಿ ಗೀತಾಳ ಬೆರಳು ನೋಡಿದೆ. ಕೀಬೋರ್ಡಿನಲ್ಲಿ ಗಿಟಾರಿನ ದನಿಗೂ ಒಂದು ಬಟನ್ ಇರುತ್ತದೆ. ಅವಳು ಅದನ್ನು ಒತ್ತಿಕೊಂಡು ನನ್ನ ಭಾಗವನ್ನೆಲ್ಲ ತಾನೇ ನುಡಿಸುತ್ತಿದ್ದಳು.

ಕೂತಲ್ಲಿ ಕೂರಲಾಗಲಿಲ್ಲ. ಊಟದ ತಟ್ಟೆ ಸರಿಸಿ ಎದ್ದೆ, ಬೈಕ್ ಹತ್ತಿ ಮೂಡಲಗಿಗೆ ಹೋದೆ. ಬಸು ಪೈಪು ಎಣಿಸುವಂತೆ ನಟಿಸಿದ.

"ನಾ ಹಿಂದ ಕುಂತಾವ್ರಿ ಸರ. ಮುಂದಿನ ಸುದ್ದಿ ನಂಗೇನ್ ಗೊತ್ತರಿ? ನಜೀರಭಾಯಿನ್ನ ಕೇಳ್ರಿ."

ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಅಲ್ಲಿಂದ ನೇರ ಹುಕ್ಕೇರಿಗೆ. ನಜೀರ ಚಹಾ ತರಿಸಿದ. ನಾನು ಮುಟ್ಟಲಿಲ್ಲ.

"ಖರೆ ಹೇಳಲೇನ್ರಿ ಸರ? ಲೈನ್ ಕೊಡಬ್ಯಾಡ ಅಂತ ಸೌಂಡಿನವಗ ನಾನ ಹೇಳಿದ್ನಿರಿ. ಅವ ಅಲ್ಲಿ ಇಳಿಸಿದಂಗೆಲ್ಲಾ ನೀವು ಇಲ್ಲಿ ಏರಸ್ತೀರಿ. ಮಂದಿಗೆ ನನ್ನ ಹಾಡಿನ ಒಂದ ಮಾತ ಕೇಳಂಗಿಲ್ರಿ."

"ನನಗ ಹೇಳಬೇಕಿತ್ತಲ್ಲಪಾ?"

"ಹೇಳೇನ್ರಿ. ಭಾಳ ಸಲ ಹೇಳೇನಿ. ನಿಮ್ಮ ಆಂಪ್ ಚಾಲೂ ಇತ್ತು, ನಿಮಗ ಕೇಳಲಿಲ್ಲ."

ಸಿಟ್ಟು ಬಂತು. ನಾಚಿಕೆಯೂ ಆಯಿತು. ಯಾವುದು ಮೊದಲು ಬಂತೆಂದು ಈಗಲೂ ಹೇಳಲಾರೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ನಾವು ಎಷ್ಟು ಕಡೆ ಹೀಗೆ ನುಡಿಸುತ್ತಿದ್ದೇವೆ? ಕಾಲೇಜಿನ ಮೀಟಿಂಗಿನಲ್ಲಿ ನಾನು ಭಾಷಣ ಬಿಗಿಯುತ್ತೇನೆ, ‘ಒಳ್ಳೆಯ ಸಲಹೆ ಸರ’ ಅನ್ನುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಆಂಪಿನ ಕೆಂಪು ದೀಪ ಉರಿಯುತ್ತಿದೆ, ಲೈನ್ ಇಲ್ಲ. ಬೇರೆಯವರ ಲೈನ್ ಕೀಳುವುದರಲ್ಲಿ ನಾನೇನು ಕಡಿಮೆಯಾ? ಗೇಟಿಗೆ ಯಾವ ಬಣ್ಣ ಹಚ್ಚಿಸಲಿ ಅಂತ ಮೊನ್ನೆ ಅಪ್ಪನನ್ನು ಕೇಳಿದೆ. ಪೇಂಟರು ಆಗಲೇ ಹಸಿರು ಡಬ್ಬಿ ತಂದಿಟ್ಟಿದ್ದ. ಅಪ್ಪ ಬಹಳ ಹೊತ್ತು ಯೋಚಿಸಿ ನೀಲಿ ಅಂದರು. ಗೇಟು ಈಗ ಹಸಿರಾಗಿದೆ. (ಅಪ್ಪ ಏನೂ ಅನ್ನಲಿಲ್ಲ. ಅದೇ ಈಗ ಚುಚ್ಚುತ್ತಿದೆ.)

ಯಾರಿಗೂ ನೋವು ಮಾಡಬಾರದು ಅಂತ ನಾವು ವೇದಿಕೆಯ ಮೇಲೆ ಜಾಗ ಕೊಡುತ್ತೇವೆ, ಹಾರ ಹಾಕುತ್ತೇವೆ, ಸದ್ದಿಲ್ಲದೆ ವೈರು ಕೀಳುತ್ತೇವೆ. ಇದು ಮರ್ಯಾದೆಯೋ, ಮೋಸವೋ?

ನಿನ್ನೆ ನಜೀರ ಫೋನ್ ಮಾಡಿದ್ದ. ಬರುವ ಭಾನುವಾರ ಹತ್ತರಗಿಯಲ್ಲಿ ಕಾರ್ಯಕ್ರಮವಿದೆ.

"ಬರ್ರಿ ಸರ. ನೀವಿಲ್ಲಂದ್ರ ನಮಗೂ ಬ್ಯಾಸರಾಕ್ಕೈತಿ. ಅರ್ಧಕ್ಕ ಇಡ್ತೀನಂದ್ರ ಲೈನ್ ಕೊಡಸ್ತೀನ್ರಿ. ಪೂರ್ತಿನ ಬೇಕಂದ್ರ ನಿಮ್ಮ ಮೂಲಿ ನಿಮಗ ಐತಿ."

ಆಗಿನಿಂದ ನೆಮ್ಮದಿಯಿಲ್ಲ. ಆಂಪಿನ ಮುಂದೆ ಕೂತು ನಾಬ್ ತಿರುಗಿಸುತ್ತೇನೆ, ಅರ್ಧಕ್ಕೆ ನಿಲ್ಲಿಸುತ್ತೇನೆ, ಎದ್ದು ಹೋಗುತ್ತೇನೆ, ಮತ್ತೆ ಬಂದು ಏರಿಸುತ್ತೇನೆ. ‘ಏನಾದರೂ ಒಂದು ಡಿಸೈಡ್ ಮಾಡಿ’ ಅಂತ ಹೆಂಡತಿ ಒಳಗಿನಿಂದ ಕೂಗುತ್ತಾಳೆ.

ಊರಿಗೆಲ್ಲ ಕೇಳುವ ಸಪ್ಪೆ ಅರ್ಧವೋ, ನನಗೊಬ್ಬನಿಗೇ ಕೇಳುವ ಪೂರ್ತಿಯೋ? ನೀವಾಗಿದ್ದರೆ ನಾಬ್ ಎಲ್ಲಿಗೆ ನಿಲ್ಲಿಸುತ್ತಿದ್ದಿರಿ?