ಅಂಚೆಚೀಟಿಯ ಮುರುಕು ಕಂಬಗಳು

ಅವ್ವನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಅಕ್ಕ ಶಾಲೆಯ ಕೆಲಸ ಬಿಟ್ಟಳು. ನಾವಿಬ್ಬರೂ ಮದುವೆಯಾಗಿರಲಿಲ್ಲ. ಒಬ್ಬಳು ಮನೆಯಲ್ಲಿ ಇರಲೇಬೇಕಿತ್ತು. ನನ್ನದು ಸರಕಾರಿ ನೌಕರಿ, ಅವಳದು ಖಾಸಗಿ ಶಾಲೆಯಲ್ಲಿ ಇತಿಹಾಸದ ಪಾಠ. ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ, ಹಾಗೇ ಆಗಿಹೋಯಿತು.

ಕೋಠಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಸಿಕಂದರಾಬಾದಿನ ಆಫೀಸಿಗೆ ಹೋಗುತ್ತಿದ್ದೆ, ಸಂಜೆ ನಿಂತೇ ವಾಪಸ್ಸಾಗುತ್ತಿದ್ದೆ. ಬಂದ ಕೂಡಲೇ ಅವ್ವನ ಮಗ್ಗುಲು ಬದಲಿಸಿ ಬೆನ್ನಿಗೆ ಪೌಡರ್ ಹಚ್ಚುವುದು ನನ್ನ ಪಾಳಿ. ಅಷ್ಟು ಹೊತ್ತು ಅಕ್ಕನಿಗೆ ಬಿಡುವು. ಮಲಗು ಅಂದರೆ ಕೇಳುತ್ತಿರಲಿಲ್ಲ, ಅಂಚೆಚೀಟಿ ಹರವಿಕೊಂಡು ಕೂಡುತ್ತಿದ್ದಳು.

ನಮ್ಮ ಆಫೀಸಿಗೆ ಪರದೇಶದ ಪತ್ರಗಳು ಬರುತ್ತಿದ್ದವು. ಲಕೋಟೆಯ ಮೂಲೆ ಕತ್ತರಿಸಿ ತಂದುಕೊಟ್ಟರೆ ಅವಳು ನೀರಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ, ಹಳೆಯ ಪೇಪರಿನ ಮೇಲೆ ಒಣಹಾಕುವಳು. ರಾಣಿ, ಹಕ್ಕಿ, ವಿಮಾನದ ಚೀಟಿಗಳೆಲ್ಲ ಓಣಿಯ ಮಕ್ಕಳ ಪಾಲು. ಪಾಳುಬಿದ್ದದ್ದು ಮಾತ್ರ ಅವಳಿಗೆ: ಗ್ರೀಸಿನ ಕಂಬಗಳು, ಈಜಿಪ್ತಿನ ಮೂಗು ಹೋದ ಸಿಂಹ, ನಮ್ಮ ದೇಶದ್ದೇ ಆದ ಕೋನಾರ್ಕದ ಕುದುರೆ.

ಒಮ್ಮೆ ಗ್ರೀಸಿನ ಚೀಟಿಯನ್ನು ಅವ್ವನ ಕಣ್ಣಿಗೆ ಹತ್ತಿರ ಹಿಡಿದಳು. ಅವ್ವ ಬಹಳ ಹೊತ್ತು ನೋಡಿ, ತೊದಲುತ್ತ ಕೇಳಿದಳು: "ಇದರ ಛತ್ತ ಎಲ್ಲೈತಿ? ಮಳಿ ಬಂದ್ರ?"

"ಅಲ್ಲಿ ಈಗ ಯಾರೂ ಇರಂಗಿಲ್ಲವ್ವಾ."

"ಚಲೋ ಆತು ಬಿಡು. ಕಸಾ ಹೊಡಿಯೂದು ತಪ್ಪಿತು."

ಅಕ್ಕ ನಕ್ಕಳು. ನನಗೆ ನಗುವಷ್ಟೂ ತ್ರಾಣ ಇರಲಿಲ್ಲ.

ವರ್ಷಗಳು ಹೀಗೇ ಕಳೆದವು. ಅವ್ವ ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ದಿನಕರ್ಮಗಳೆಲ್ಲ ಮುಗಿದ ಮೇಲೆ ಬಂಧುಗಳು ಕಾಶಿಗೆ ಹೋಗಿಬನ್ನಿ ಅಂದರು. ಅವರೆಲ್ಲ ಹೋದ ಬಳಿಕ ಅಕ್ಕ ಅಂದಳು: "ಕಾಶಿ ಬ್ಯಾಡ. ಒಂದಾದ್ರೂ ಹಾಳುಬಿದ್ದದ್ದು ಕಣ್ಣಾರೆ ನೋಡಬೇಕಾಗೇತಿ. ಗೋಲ್ಕೊಂಡಾಕ್ಕ ಹೋಗೂಣು."

ಅದೇ ಊರಲ್ಲಿ ಅಷ್ಟು ವರ್ಷ ಇದ್ದೂ ನಾವು ಆ ಕೋಟೆ ನೋಡಿರಲಿಲ್ಲ. ಒಂದು ಭಾನುವಾರ ಹೊರಟೆವು. ದೊಡ್ಡ ಬಾಗಿಲು ದಾಟಿ ಗುಮ್ಮಟದ ಕೆಳಗೆ ಬರುವಷ್ಟರಲ್ಲೇ ಅಕ್ಕನ ಮೊಣಕಾಲು ಬಾತಿತ್ತು. ಮೆಟ್ಟಿಲುಗಳನ್ನು ನೋಡಿ ಅಲ್ಲೇ ಗೋಡೆಗೆ ಒರಗಿ ಕೂತಳು.

"ಇಲ್ಲಿ ಚಪ್ಪಾಳಿ ಬಡದ್ರ ಮ್ಯಾಲಿನತನಾ ಕೇಳತೈತಿ. ಸಾಲ್ಯಾಗ ಹುಡುಗೂರಿಗೆ ಎಷ್ಟ ಸಲ ಹೇಳೀನಿ! ನೀ ಹತ್ತು. ನಾ ಇಲ್ಲಿಂದ ಬಡೀತೀನಿ, ಕೇಳತೈತೇನು ನೋಡಿ ಬಾ."

"ನನಗೂ ಕಾಲು ನೋಯಾಕತ್ತಾವು, ಅಕ್ಕಾ."

"ಹೋಗ ತಂಗಿ, ನನ್ನ ಸಲುವಾಗಿ."

ಹತ್ತಿದೆ. ಬಿಸಿಲಿಗೆ ಕಲ್ಲು ಕಾದಿತ್ತು. ನಡುನಡುವೆ ಕೂತು, ಒಳಗೊಳಗೇ ಅವಳನ್ನು ಬೈಯುತ್ತ ತುದಿ ಮುಟ್ಟಿದೆ. ಕೆಳಗಿನಿಂದ ಚಪ್ಪಾಳೆ ಕೇಳಿಸಿತು. ಒಂದಲ್ಲ, ಸಾಲುಸಾಲು. ಬಂದ ಪ್ರವಾಸಿಗಳೆಲ್ಲ ಬಡಿಯುತ್ತಿದ್ದರು. ಅಕ್ಕನದು ಯಾವುದು ಎಂದು ಕಿವಿಗೊಟ್ಟು ನಿಂತೆ. ಗೊತ್ತಾಗಲಿಲ್ಲ. ಗಾಳಿ ಮಾತ್ರ ಚೆನ್ನಾಗಿತ್ತು. ಸೀರೆಯ ಬೆವರು ಆರುವ ತನಕ ಅಲ್ಲೇ ಇದ್ದೆ. ಯಾರೂ ಕರೆಯಲಿಲ್ಲ.

ಇಳಿದು ಬಂದಾಗ ಅಕ್ಕ ಗೋಡೆಗೆ ತಲೆ ಆನಿಸಿ ಬಾಯಿ ತೆರೆದು ಮಲಗಿದ್ದಳು. ಸುತ್ತ ಅಷ್ಟೊಂದು ಗದ್ದಲ, ಅವಳಿಗೆ ಎಚ್ಚರವೇ ಇಲ್ಲ. ಭುಜ ಮುಟ್ಟಿ ಎಬ್ಬಿಸಿದೆ.

"ಚಪ್ಪಾಳಿ ಬಡದೆಯೇನು?"

ಕಣ್ಣುಜ್ಜಿಕೊಂಡು ನನ್ನ ಮುಖ ನೋಡಿದಳು. "ಇಲ್ಲ ತಂಗಿ. ಕುಂತಕೂಡಲೇ ನಿದ್ದಿ ಹತ್ತಿತು. ಎಷ್ಟ ವರ್ಷಾಗಿತ್ತು ಇಂಥಾ ನಿದ್ದಿ ಮಾಡಿ!"

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನೂ ಅವಳ ಪಕ್ಕ ಕೂತು ತಣ್ಣಗಿನ ಗೋಡೆಗೆ ಬೆನ್ನು ಕೊಟ್ಟೆ. ಕಾವಲುಗಾರ ಬಂದು ಸಮಯವಾಯಿತೆಂದು ತೆಲುಗಿನಲ್ಲಿ ಕೂಗುವವರೆಗೆ ಇಬ್ಬರೂ ಏಳಲಿಲ್ಲ.